ಹಸನಸಾಬರ ಕ್ಯಾಮರಾದ ನಂಬರು

ಹಸನಸಾಬರ ಕ್ಯಾಮರಾದ ಮೇಲಿದ್ದ ನಂಬರನ್ನು ಅರದಿಂದ ತಿಕ್ಕಿ ಅಳಿಸಿದವನು ನಾನು. ಅವರಲ್ಲ. ಅದು ಅಳಿಸಿಹೋದದ್ದು ಕೂಡ ಅವರಿಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ಅವರು ಕೇಳಿದ ಮೇಲೆ ಇಷ್ಟು ಮಾತು ಹೊರಗೆ ಬರಲು ಎಂಟು ವರ್ಷ ಹಿಡಿಯಿತು — ಅಷ್ಟರಲ್ಲಿ ಅವರು ಮಣ್ಣು ಸೇರಿದ್ದರು.

ನನ್ನ ಹೆಸರು ಈರಪ್ಪ. ಬೈಲಹೊಂಗಲದ ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಪಾತ್ರೆಗಳಿಗೆ ಹೆಸರು ಹಾಕುವುದು ನನ್ನ ಕೆಲಸ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಶಾಲೆ ಬಿಟ್ಟರೂ ಅಕ್ಷರ ನನ್ನನ್ನು ಬಿಡಲಿಲ್ಲ. ಸಣ್ಣ ಉಳಿ, ಸಣ್ಣ ಸುತ್ತಿಗೆ, ಚುಕ್ಕಿಯ ಪಕ್ಕಕ್ಕೆ ಚುಕ್ಕಿ — ಮಷೀನು ಬಂದ ಮೇಲೂ ಜನ ನನ್ನ ಕೈಯಕ್ಷರವೇ ಬೇಕೆಂದು ಕಾಯುತ್ತಿದ್ದರು. ಕಿತ್ತೂರು, ಮುನವಳ್ಳಿ, ಸವದತ್ತಿ, ಯಾವ ಊರಿನ ಮದುವೆಯಲ್ಲಿ ಊಟಕ್ಕೆ ಕುಳಿತರೂ ನಾನು ಮೊದಲು ನೀರಿನ ಚರಗಿ ತಿರುಗಿಸಿ ನೋಡುತ್ತಿದ್ದೆ. ನನ್ನ ಅಕ್ಷರ ಕಂಡರೆ ಹೋಳಿಗೆಗಿಂತ ಸಿಹಿ. ಒಂದೇ ಒಂದು ಪಾತ್ರೆ ಕೆಡಿಸಿದವನಲ್ಲ ಎಂಬ ಸೊಕ್ಕು ನನಗಿತ್ತು. ಈ ಕಥೆಗೆಲ್ಲ ಆ ಸೊಕ್ಕೇ ಮೂಲ.

ಹಸನಸಾಬರ ಫೋಟೊ ಅಂಗಡಿ ನಮ್ಮ ಓಣಿಯ ತುದಿಗಿತ್ತು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅವರದು ಜರ್ಮನಿಯ ಹಳೆಯ ಕ್ಯಾಮರಾ. ಒಂದರ ಮೇಲೊಂದು ಎರಡು ಕಣ್ಣು. ಎದೆಗೆ ಹಿಡಿದು, ತಲೆ ಬಗ್ಗಿಸಿ, ಮೇಲಿನಿಂದ ಒಳಗೆ ನೋಡಬೇಕು. ಒಂದು ರೀಲಿಗೆ ಹನ್ನೆರಡೇ ಫೋಟೊ. ಚಾಚಾ ಮೊದಲು ಕ್ಯಾಮರಾಕ್ಕೆ ನಮಸ್ಕಾರ ಮಾಡಿ ಆಮೇಲೆ ಮದುಮಗನನ್ನು ನೋಡುತ್ತಾರೆ ಎಂದು ಹುಡುಗಿಯರು ನಗುತ್ತಿದ್ದರು. ಮಲಪ್ರಭೆಯ ದಂಡೆಯ ಒಂದು ವಾಡೆಯ ದಣಿಗಳು, ತಮ್ಮ ಮನೆಯ ಮೂರು ಮದುವೆಗಳ ಫೋಟೊ ನೋಡಿ ಮೆಚ್ಚಿ, ಪರದೇಶದಿಂದ ತಂದಿದ್ದ ಆ ಕ್ಯಾಮರಾವನ್ನೇ ಅವರಿಗೆ ಬಹುಮಾನ ಕೊಟ್ಟಿದ್ದರು. ಸುಮ್ಮನೆ ಕೊಟ್ಟಿರಲಿಲ್ಲ. ಕ್ಯಾಮರಾದ ನಂಬರು ಬರೆದು, ಸಹಿ ಹಾಕಿ, ಚೀಟಿ ಮಾಡಿ ಕೊಟ್ಟಿದ್ದರು. ಆ ಚೀಟಿ ಚಾಚಾನ ತಗಡಿನ ಪೆಟ್ಟಿಗೆಯಲ್ಲಿ ಮಡಿಕೆ ಬಿಚ್ಚದೆ ಇತ್ತು.

ತೊಂಬತ್ತೆರಡೋ ತೊಂಬತ್ತಮೂರೋ ಇರಬೇಕು. ಮುನವಳ್ಳಿಯ ಮದುವೆಯೊಂದರ ಗದ್ದಲದಲ್ಲಿ ಕ್ಯಾಮರಾ ಕಾಣೆಯಾಯಿತು. ಎರಡು ದಿನ ಚಾಚಾ ಊಟ ಮಾಡಲಿಲ್ಲ. ಕೊನೆಗೆ ಅದು ಬೀಗರ ಪಾತ್ರೆಗಳ ಗೋಣಿಚೀಲದಲ್ಲಿ ಸಿಕ್ಕಿತು. ಚರಗಿ, ತಾಟುಗಳೆಲ್ಲ ಹೆಸರು ನೋಡಿ ಅವರವರ ಮನೆ ಸೇರಿದ್ದವು. ಹೆಸರಿಲ್ಲದ್ದು ಇದೊಂದೇ ತಳದಲ್ಲಿ ಉಳಿದಿತ್ತು. ಮರುದಿನವೇ ಚಾಚಾ ನನ್ನ ಕಟ್ಟೆಗೆ ಬಂದರು.

"ಈರಪ್ಪಾ, ಇದಕ್ಕೂ ಒಂದ ಹೆಸರ ಹಾಕಿಬಿಡೊ ತಮ್ಮಾ. ತಳಕ್ಕ ಹಾಕು, ಸಣ್ಣಗ. ಚಂದ ಕೆಡಬಾರದ ನೋಡು."

ತಳಕ್ಕೆ — ಹಾಗೆಂದೇ ಹೇಳಿದ್ದರು. ಹೇಳಿ ನಮಾಜಿಗೆ ಹೋದರು.

ತಳಕ್ಕೆ ಹಾಕಿದರೆ ನೋಡುವವರಾರು? ಊರೂರಿನ ಮದುಮಕ್ಕಳು ಈ ಕ್ಯಾಮರಾದ ಮುಂದೆ ನಿಲ್ಲುತ್ತಾರೆ, ಅವರ ಕಣ್ಣಿಗೆ ನನ್ನ ಅಕ್ಷರ ಬೀಳಲಿ ಎಂದು — ಹೌದು, ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಮೇಲಿನ ಕಣ್ಣಿನ ನೆತ್ತಿಯ ಮೇಲೆ ಬೆರಳಗಲದ ಸಪಾಟು ಜಾಗವಿತ್ತು. ಅಲ್ಲಿ ಅಂಕಿಗಳ ಒಂದು ಸಾಲು. ಪಾತ್ರೆಗಳ ಮೇಲೂ ಕಾರ್ಖಾನೆಯ ಛಾಪಾ, ಅಂಕಿ ಇರುತ್ತವೆ. ಹೆಸರಿಗೆ ಜಾಗ ಸಾಲದಿದ್ದರೆ ಅವನ್ನು ತಿಕ್ಕಿಬಿಡುವುದು ನಮ್ಮ ಕೆಲಸದ ರೂಢಿ. ಇದೂ ಅಂಥದ್ದೇ ಅಂದುಕೊಂಡೆ. ಅರ ತೆಗೆದುಕೊಂಡೆ. ನುಣ್ಣಗಾಗುವವರೆಗೆ ತಿಕ್ಕಿದೆ. ಹೆಸರು ಕೊರೆದು ಬಿಳಿ ಬಣ್ಣ ತುಂಬಿದೆ.

ಚಾಚಾನ ಕಣ್ಣಿಗೆ ಆಗಲೇ ಪೊರೆ ಬರಲು ಶುರುವಾಗಿತ್ತು. ಹೆಬ್ಬೆರಳಿನಿಂದ ಸವರಿ ನೋಡಿದರು. ತಳ ಬಿಟ್ಟು ಹಣೆಯ ಮೇಲೇ ಬರೆದೆಯಲ್ಲೋ ಹುಚ್ಚಾ ಎಂದು ನಕ್ಕರು. ಆಮೇಲೆ ಅಕ್ಷರ ಮಾತ್ರ ಮುತ್ತು ಎಂದರು. ನಾನು ಉಬ್ಬಿದೆ.

ಇಲ್ಲಿಯವರೆಗಿನದು ತಿಳಿಯದೆ ಮಾಡಿದ್ದು. ಇದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ.

ಬಣ್ಣದ ಫೋಟೊ ಬಂತು, ಚಾಚಾನ ಅಂಗಡಿ ಸೊರಗಿತು. ಎರಡು ಸಾವಿರದ ಇಸವಿಯ ಹೊತ್ತಿಗೆ ಅವರ ಮಗಳು ಶಮಶಾದ ಕಂಪ್ಯೂಟರಿನಲ್ಲಿ ಫೋಟೊ ತಯಾರಿಸುವುದನ್ನು ಕಲಿತು ಬಂದಿದ್ದಳು. ಅಂಗಡಿಗೆ ಒಂದು ಕಂಪ್ಯೂಟರು ತಂದರೆ ಸಾಕು, ನಡೆಸಿಕೊಂಡು ಹೋಗುತ್ತೇನೆ ಅನ್ನುತ್ತಿದ್ದಳು. ಆಗಲೇ ಪುಣೆಯ ವ್ಯಾಪಾರಿ ಬಂದದ್ದು. ನಮ್ಮ ಪಾತ್ರೆ ಅಂಗಡಿಗೆ ಹಳೆಯ ಹಿತ್ತಾಳೆ ದೀಪ ಕೊಳ್ಳಲು ವರ್ಷಕ್ಕೊಮ್ಮೆ ಬರುತ್ತಿದ್ದವನು. ಈಗ ಹಳೆಯ ಕ್ಯಾಮರಾಗಳನ್ನು ಪರದೇಶದ ಲಿಲಾವಿಗೆ ಕಳಿಸುತ್ತೇನೆ ಎಂದ. ಹತ್ತಿಯ ಲಿಲಾವು ಕಂಡವನು ನಾನು; ಕ್ಯಾಮರಾಕ್ಕೂ ಜನ ಸವಾಲು ಕೂಗುತ್ತಾರೆ ಎಂದರೆ ನಗು ಬಂತು. ಅಂಗಡಿಯ ಶೆಟ್ಟರು ಚಾಚಾನಿಗೆ ಹೇಳಿ ಕಳಿಸಿದರು.

ಚಾಚಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಗಳ ಕೈ ಹಿಡಿದು ಬಂದರು. ವ್ಯಾಪಾರಿ ಮೊದಲು ಚೀಟಿ ಓದಿದ. ಅದರಲ್ಲಿದ್ದ ನಂಬರಿನ ಮೇಲೆ ಬೆರಳಾಡಿಸಿದ. ತನ್ನ ಚಿತ್ರದ ಪುಸ್ತಕ ತೆರೆದು ತೋರಿಸಿದ — ಅದೇ ಎರಡು ಕಣ್ಣು. ಈ ನಂಬರಿನವು ಮೊದಮೊದಲು ಮಾಡಿದ ಕೆಲವೇ ಕ್ಯಾಮರಾಗಳಂತೆ. ಚರ್ಮ ಸವೆದಿರಲಿ, ಬಣ್ಣ ಹೋಗಿರಲಿ, ಬೆಲೆ ಇಳಿಯುವುದಿಲ್ಲವಂತೆ. ಲಿಲಾವಿನಲ್ಲಿ ಏರಿದರೆ ಬೈಲಹೊಂಗಲದಲ್ಲಿ ಒಂದು ಸಣ್ಣ ಮನೆ ಬರುವಷ್ಟು ಏರುತ್ತದಂತೆ. ಶಮಶಾದ ಸೆರಗು ಬಾಯಿಗೆ ಹಿಡಿದುಕೊಂಡಳು.

ಆಮೇಲೆ ಅವನು ಭೂತಗನ್ನಡಿ ತೆಗೆದು ಕ್ಯಾಮರಾ ತಿರುಗಿಸಿದ. ಮೇಲಿನ ಕಣ್ಣಿನ ನೆತ್ತಿಯ ಹತ್ತಿರ ಬಂದು ನಿಂತ. ನನ್ನ ಅಕ್ಷರಗಳ ಸುತ್ತ ತಿಕ್ಕಿದ ಗುರುತಿನ ಮೇಲೆ ಉಗುರಾಡಿಸಿದ. ಆಮೇಲೆ ಕ್ಯಾಮರಾವನ್ನು ಎರಡೂ ಕೈಯಿಂದ ಚಾಚಾನ ತೊಡೆಯ ಮೇಲಿಟ್ಟ. ನಂಬರು ತಿಕ್ಕಿದ ಮಾಲನ್ನು ಲಿಲಾವಿನಲ್ಲಿ ಕಳವಿನ ಮಾಲು ಎಂದೇ ತಿಳಿಯುತ್ತಾರೆ, ಯಾರೂ ಕೈ ಎತ್ತುವುದಿಲ್ಲ ಎಂದ. ಚೀಟಿ ಖರೆಯೇ ಇರಬಹುದು. ಅದು ಇದೇ ಕ್ಯಾಮರಾದ ಚೀಟಿ ಎಂದು ಹೇಳುವವರು ಯಾರು ಎಂದು ಕೇಳಿದ.

ಹೇಳುವವನು ಎರಡು ಮಾರು ದೂರದಲ್ಲಿ, ತೊಡೆಯ ಮೇಲೆ ಯಾರದೋ ಚರಗಿ ಬೋರಲು ಇಟ್ಟುಕೊಂಡು ಕುಳಿತಿದ್ದ.

ಚಾಚಾ ನನ್ನ ಕಡೆ ತಿರುಗಿದರು. ಸಂಶಯದಿಂದಲ್ಲ — ಅದೇ ನನ್ನನ್ನು ಇಂದಿಗೂ ಸುಡುವುದು — ಸಾಕ್ಷಿ ಕೇಳುವಂತೆ, ನಂಬಿಕೆಯಿಂದ.

"ಈರಪ್ಪಾ, ನೀ ಹೆಸರ ಹಾಕೂ ಮುಂದ ನಂಬರ ಇತ್ತಲ್ಲೊ?"

ಶೆಟ್ಟರು ನೋಡಿದರು. ಗಿರಾಕಿಗಳು ನೋಡಿದರು. ಚಹಾ ತಂದವನೂ ನಿಂತ. ಹೌದು ಎಂದರೆ, ಒಂದು ಮನೆಯ ಬೆಲೆಯ ವಸ್ತು ಕೆಡಿಸಿದವನು ನಾನು. ನಾಳೆಯಿಂದ ಬೆಳ್ಳಿಯ ಬಟ್ಟಲು ನನ್ನ ಕೈಗೆ ಯಾರು ಕೊಟ್ಟಾರು? ಚಾಚಾನ ನಷ್ಟವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ? ಇವೆಲ್ಲ ಒಂದು ಉಸಿರಿನಲ್ಲಿ — ಇಲ್ಲ, ಇವೆಲ್ಲ ಆಮೇಲೆ ಹೊಂದಿಸಿಕೊಂಡದ್ದು. ಆಗ ಬಾಯಿಂದ ಬಂದದ್ದು ಇಷ್ಟೇ:

"ನಾ ನೋಡಿಲ್ರಿ, ಚಾಚಾ."

ಅವರು ತಲೆಯಾಡಿಸಿದರು. ಚೀಟಿಯನ್ನು ಹಳೆಯ ಮಡಿಕೆಗಳಲ್ಲೇ ಮಡಿಚಿದರು.

ಸಂಜೆಯೊಳಗೆ ಪೇಟೆಗೆಲ್ಲ ಹಬ್ಬಿತು. ವಾಡೆಯಿಂದ ಎತ್ತಿಕೊಂಡು ಬಂದಿದ್ದಾರೆ, ಅದಕ್ಕೇ ನಂಬರು ತಿಕ್ಕಿದ್ದಾರೆ ಎಂದರು. ಚೀಟಿ ಕೊಟ್ಟ ದಣಿಗಳು ಬದುಕಿರಲಿಲ್ಲ. ಚಹಾದಂಗಡಿಯಲ್ಲಿ ಒಬ್ಬ, ಚಾಚಾ ದಾಟಿ ಹೋಗುವಾಗ, "ಗಡಿಯಾರ ಮುಚ್ಚಿಕೋರ್ರೆಪಾ, ಫೋಟೊ ಸಾಬ್ರು ಬಂದ್ರು" ಎಂದ. ಎಲ್ಲರೂ ನಕ್ಕರು. ನಾನೂ ಅಲ್ಲಿದ್ದೆ. ನಾನು ನಗಲಿಲ್ಲ ಎಂದು ಬರೆಯಬಹುದಿತ್ತು. ನಕ್ಕೆ.

ಮದುವೆಗಳಿಗೆ ಅವರನ್ನು ಕರೆಯುವುದು ನಿಂತಿತು. ಒಳಮನೆಯವರೆಗೆ ಬಂದು ಹೆಣ್ಣುಮಕ್ಕಳ ಫೋಟೊ ತೆಗೆಯುತ್ತಿದ್ದ ಮನುಷ್ಯ. ಈಗ ಅಂಗಳಕ್ಕೂ ಬೇಡವಾದರು. ಅಂಗಡಿಯ ಬಾಗಿಲು ಮುಚ್ಚಿತು. ಚಾಚಾ ಮಾತ್ರ ನನ್ನ ಕಟ್ಟೆಯ ಮುಂದೆ ಹಾಯುವಾಗ ಎಂದಿನಂತೆ ಆರಾಮ ಇದ್ದೀಯೇನೋ ಎಂದು ಕೇಳುತ್ತಿದ್ದರು. ಒಂದು ಸಲವಾದರೂ ಬೈದಿದ್ದರೆ — ಆದರೆ ಏಕೆ ಬೈಯುತ್ತಾರೆ? ಅವರ ಲೆಕ್ಕದಲ್ಲಿ ನಾನು ಏನೂ ಮಾಡಿರಲಿಲ್ಲ.

ಏಳು ವರ್ಷ ಕಳೆದ ಮೇಲೆ ಅವರು ತೀರಿಕೊಂಡರು. ವರ್ಷ ತುಂಬಿದಾಗ ಶಮಶಾದ ಒಂದು ತಾಮ್ರದ ಹಂಡೆ ತಂದಳು. ಮಸೀದಿಗೆ ಕೊಡಲಿಕ್ಕೆ, ತಂದೆಯ ಹೆಸರು ಹಾಕಬೇಕು. ಹೆಸರು ಹಾಕಿಸುವುದಾದರೆ ಈರಪ್ಪನ ಕೈಯಿಂದಲೇ ಹಾಕಿಸಬೇಕೆಂದು ಅಬ್ಬಾ ಹೇಳುತ್ತಿದ್ದರು ಎಂದಳು. ನಾನು ಹಂಡೆಯ ಕೊರಳಿಗೆ ಉಳಿ ಇಟ್ಟೆ. ಮೊದಲ ಚುಕ್ಕಿ ಬೀಳಲಿಲ್ಲ. ಸುತ್ತಿಗೆ ಕೆಳಗಿಟ್ಟೆ. ಹಾಡುಹಗಲು, ಗಿರಾಕಿಗಳ ನಡುವೆ, ಎಲ್ಲ ಹೇಳಿಬಿಟ್ಟೆ.

ಅವಳು ಅಳಲಿಲ್ಲ. ಅವತ್ತು ಏಕೆ ಹೇಳಲಿಲ್ಲ ಎಂದು ಒಮ್ಮೆ ಕೇಳಿದಳು.  

ನಂಬರನ್ನು ಚೀಟಿ ನೋಡಿ ಮತ್ತೆ ಕೊರೆಯಲೇ ಎಂದು ಕೇಳಿದೆ — ನನ್ನ ಕೈಗೆ ಅದೊಂದು ಗಳಿಗೆಯ ಕೆಲಸ. ಕೇಳಿದ ಮೇಲೆ ನಾಚಿಕೆಯಾಯಿತು. ಕೊರೆದರೆ ಅದೇ ನಿಜವಾದ ಕಳ್ಳತನ. ಶೆಟ್ಟರು ಇಲ್ಲ, ಪುಣೆಯವನ ಪತ್ತೆ ಇಲ್ಲ, ನಕ್ಕವರಲ್ಲಿ ಅರ್ಧ ಜನ ಊರಲ್ಲಿಲ್ಲ. ಉಳಿದವರಿಗೆ ತಾವು ನಕ್ಕದ್ದೇ ನೆನಪಿಲ್ಲ. ನಾನು ಏನು ಮಾಡಿದರೂ ಯಾವುದೂ ಹಿಂದಕ್ಕೆ ಬರುವುದಿಲ್ಲ.

ಶಮಶಾದ ಹಂಡೆಯನ್ನು ಸೊಂಟಕ್ಕೆ ಎತ್ತಿಕೊಂಡಳು.

"ಬಾಯಿಲೆ ಹೇಳಿದ್ದ ಬ್ಯಾಡ್ರಿ, ಕಾಕಾ. ಬರದು ಕೊಡ್ರಿ. ಆ ಚೀಟಿ ಜೋಡಿ ಇಡ್ತೇನಿ. ಹಂಡೆ ಆಮ್ಯಾಲೆ ತರ್ತೇನಿ."

ತರುತ್ತಾಳೋ ಇಲ್ಲವೋ, ಗೊತ್ತಿಲ್ಲ. ಲೋಹದ ಮೇಲೆ ಊರ ಮಂದಿಯ ಹೆಸರೆಲ್ಲ ಬರೆದವನಿಗೆ ಕಾಗದದ ಮೇಲೆ ಇಷ್ಟುದ್ದ ಬರೆದು ರೂಢಿಯಿಲ್ಲ. ಆರು ದಿನ ಹಿಡಿಯಿತು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ. ಆದರೆ ಇದೊಂದನ್ನು ತಿದ್ದಬೇಡಿ: ಚೀಟಿಯಲ್ಲಿರುವ ನಂಬರು ಆ ಕ್ಯಾಮರಾದ್ದೇ. ಹೆಸರು ಹಾಕುವ ಮುಂಚೆ ಅದು ಅಲ್ಲೇ ಇತ್ತು.

ನಾನು ನೋಡಿದ್ದೆ.