ಹನ್ನೊಂದಕ್ಷರದ ಅಕ್ಕ

ಮೂರನೆಯ ಕೌಂಟರಿನ ಅಕ್ಕನಿಗೆ ಆ ಅಡ್ಡಹೆಸರು ಇಟ್ಟವರು ಯಾರೋ, ನಾನು ಕೆಲಸಕ್ಕೆ ಸೇರುವಾಗಲೇ ಅದು ನಮ್ಮ ಬ್ಯಾಂಕಿನ ಶಾಖೆಯಲ್ಲೆಲ್ಲ ಹಬ್ಬಿತ್ತು. ಹೊರದೇಶಕ್ಕೆ ಹಣ ಕಳುಹಿಸುವುದು ಅವರ ಕೆಲಸ. ಅಂಥ ವ್ಯವಹಾರವಿರುವ ಪ್ರತಿ ಬ್ಯಾಂಕಿಗೂ ಒಂದು ಗುರುತಿನ ಸಂಕೇತವಿರುತ್ತದೆ. ಮೊದಲ ನಾಲ್ಕಕ್ಷರ ಬ್ಯಾಂಕಿನದು, ಮುಂದಿನೆರಡು ದೇಶದ್ದು, ಆಮೇಲಿನೆರಡು ಊರಿನದು, ಕೊನೆಯ ಮೂರು ಶಾಖೆಯದು. ಅಂಥ ನೂರಾರು ಸಂಕೇತಗಳು ಅಕ್ಕನ ನಾಲಿಗೆಯ ತುದಿಯಲ್ಲಿದ್ದವು. ಊಟದ ಡಬ್ಬಿ ಕೊಡಲು ಬಂದ ಅವರ ಯಜಮಾನರು ಒಮ್ಮೆ, "ಕನ್ನಡಕ ಎಲ್ಲಿಟ್ಟೆ ಅಂತ ಮಾತ್ರ ದಿನಾ ನನ್ನನ್ನೇ ಕೇಳ್ತಾಳೆ" ಎಂದು ನಕ್ಕಿದ್ದರು.

ಅಕ್ಕ ಸೇರಿದ್ದು ಟೈಪಿಸ್ಟಾಗಿ. ಆಗ ಸಂಕೇತಗಳದ್ದೊಂದು ದಿಂಬಿನಷ್ಟು ದಪ್ಪ ಪುಸ್ತಕವಿತ್ತಂತೆ. ಬೇರೆಯವರು ಮೂಗು ಮುರಿಯುತ್ತಿದ್ದ ಅದನ್ನು ಅವರು ಮಧ್ಯಾಹ್ನದ ಬಿಡುವಿನಲ್ಲಿ ಕಾದಂಬರಿಯಂತೆ ಓದುತ್ತಿದ್ದರು. ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆದರೂ ಯಾವ ದೇಶದಲ್ಲಿ ಯಾವ ಬ್ಯಾಂಕು ಯಾವುದನ್ನು ನುಂಗಿತು ಎಂಬುದನ್ನು ಪಕ್ಕದ ಬೀದಿಯ ಸಮಾಚಾರದಂತೆ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಎದುರಿನ ಬೀಗ ರಿಪೇರಿ ಅಂಗಡಿಯವನು ಬಂದ. ದೂರದೇಶದ ಶಾಲೆಯೊಂದರಲ್ಲಿ ಅಡುಗೆಗಿದ್ದ ಅವನ ತಂಗಿಗೆ ಮೂರು ದಿನದಲ್ಲಿ ಹೃದಯದ ಆಪರೇಷನ್ ಆಗಬೇಕಿತ್ತು. ಮುಂಗಡ ಕಟ್ಟದೆ ಆಸ್ಪತ್ರೆಯವರು ಒಳಗೆ ಸೇರಿಸಿಕೊಳ್ಳುವುದಿಲ್ಲ. ತಂಗಿ ಫೋನಿನಲ್ಲಿ ಹೇಳಿದ ಸಂಕೇತವನ್ನು ಅವನು ಬೀಗದ ಪೆಟ್ಟಿಗೆಯ ರಟ್ಟಿನ ಮೇಲೆ ಬರೆದು ತಂದಿದ್ದ.

ಅಕ್ಕ ಅದನ್ನು ಕಂಪ್ಯೂಟರಿಗೆ ಕೊಟ್ಟರು. ಅದು ತಕರಾರಿಲ್ಲದೆ ಒಪ್ಪಿಕೊಂಡಿತು. ಒಪ್ಪದವರು ಅಕ್ಕ.

"ಇದು ಹಡಗು ಕಂಪನಿಗಳಿಗೆ ಸಾಲ ಕೊಡೋ ಬ್ಯಾಂಕು ಕಣಪ್ಪ. ನಿನ್ನ ತಂಗಿ ಖಾತೆ ಇಲ್ಲಿ ಇರೋಕೆ ಸಾಧ್ಯ ಇಲ್ಲ."

ಮ್ಯಾನೇಜರು ಬಂದು, ಯಂತ್ರಕ್ಕಿಲ್ಲದ ಅನುಮಾನ ನಿಮಗೇಕೆ ಎಂದರು. ಮೂರು ಗಂಟೆ ದಾಟಿದರೆ ಆ ದಿನದ ರವಾನೆ ಮುಗಿಯುತ್ತಿತ್ತು. ತಪ್ಪು ಜಾಗಕ್ಕೆ ಹೋದ ಹಣ ತಿರುಗಿ ಬರಲು ವಾರಗಟ್ಟಲೆ ಬೇಕು ಎಂದು ಅಕ್ಕ ಮೆಲ್ಲಗೆ ಹೇಳಿದರು. ಅದೇ ಊರಿನ ಇನ್ನೊಂದು ಬ್ಯಾಂಕಿಗೂ ಇದಕ್ಕೂ ಒಂದೇ ಅಕ್ಷರದ ವ್ಯತ್ಯಾಸ, ಇಲ್ಲಿ ಎನ್, ಅಲ್ಲಿ ಎಮ್ ಎಂದೂ ಸೇರಿಸಿದರು. ಹಾಗಾದರೆ ತಿದ್ದಿ ಕಳಿಸಿಬಿಡಿ ಅಂದೆ ನಾನು.

"ಊಹೆ ಮೇಲೆ ಇನ್ನೊಬ್ಬರ ದುಡ್ಡು ಕಳಿಸಬಾರದು," ಎಂದರು ಅಕ್ಕ.

ಬೀಗದವನು ಫೋನು ಮಾಡುತ್ತಲೇ ಇದ್ದ. ತಂಗಿಯನ್ನು ಪರೀಕ್ಷೆಗೆ ಕರೆದೊಯ್ದಿದ್ದರೋ ಏನೋ, ಎತ್ತಲಿಲ್ಲ. ಅಕ್ಕ ಊಟದ ಡಬ್ಬಿ ಮುಚ್ಚಳ ಕೂಡ ತೆರೆಯಲಿಲ್ಲ. ಎರಡೂ ಮುಕ್ಕಾಲಿಗೆ ಅತ್ತಲಿಂದ ಕ್ಷೀಣ ದನಿ ಬಂದಾಗ ಫೋನು ಇಸಿದುಕೊಂಡರು.

"ಮೂರನೇ ಅಕ್ಷರ ಹೇಳು ತಾಯಿ. ಮರದ ಮ-ನಾ, ನರಿಯ ನ-ನಾ?"

"ಮರದ ಮ, ಅಕ್ಕಾ."

ಒಂದಕ್ಷರ ತಿದ್ದಿ ಕಳಿಸಿದಾಗ ಗಡಿಯಾರದಲ್ಲಿ ಮೂರಕ್ಕೆ ಆರು ನಿಮಿಷವಿತ್ತು.

ಮರುದಿನ ಹಣ ತಲುಪಿದ ಸಂದೇಶ ಬಂತು. ಬೀಗದವನು ಪರದೆಯ ಮೇಲಿನ ಆ ಸಾಲನ್ನು ಬಾಯಿ ತೆರೆದು ನೋಡುತ್ತ ನಿಂತ. ಇಷ್ಟು ಅಕ್ಷರಕ್ಕೆ ಅಷ್ಟು ದೂರದ ದಾರಿ ಹೇಗೆ ತಿಳಿಯುತ್ತದೆ ಎಂದು ಕೇಳಿದ.

"ಮೂವತ್ತೊಂದು ವರ್ಷದಿಂದ ಕಳಿಸ್ತಾ ಇದೀನಿ. ನನಗೂ ಇನ್ನೂ ನಂಬಕ್ಕಾಗಲ್ಲ," ಎಂದರು ಅಕ್ಕ. ಆ ಮಾತಿನಲ್ಲಿ ತಮಾಷೆಯಿರಲಿಲ್ಲ.

ಆಪರೇಷನ್ ಸಲೀಸಾಯಿತು. ತಿಂಗಳೆರಡು ಕಳೆದು ತಂಗಿ ಕೆಲಸಕ್ಕೆ ಮರಳಿದ ಸುದ್ದಿ ಹೇಳಲು ಅವನು ಬಂದ. ಅಕ್ಕ ಸಂತೋಷಪಟ್ಟರು. ಆಮೇಲೆ ಸ್ವಲ್ಪ ಸಂಕೋಚದಿಂದ, ಅವಳ ಬ್ಯಾಂಕು ನೋಡಲು ಹೇಗಿದೆಯಂತೆ ಎಂದು ಕೇಳಿದರು. ಅವನು ಅಲ್ಲಿಂದಲೇ ಫೋನು ಹಚ್ಚಿದ. ಇಸ್ತ್ರಿ ಅಂಗಡಿಯ ಪಕ್ಕ ಸಣ್ಣದೊಂದು ಕೋಣೆ, ಎರಡು ಕಿಟಕಿ, ಹಸಿರು ಬಾಗಿಲು, ಒಳಗೆ ಒಬ್ಬಳೇ ಹುಡುಗಿ ಎಂದಳಂತೆ ತಂಗಿ.

"ಹಸಿರು ಬಾಗಿಲಾ?" ಎಂದ ಅಕ್ಕ, ಇನ್ನೊಂದು ಸಲ ಕೇಳಿ ಹೇಳು ಎಂದರು.