ಅಮಾವಾಸ್ಯೆಗಷ್ಟೇ ಕೇಳುತ್ತಿದ್ದ ಪ್ಲೇಟು

ಹೋದ ತಿಂಗಳು ಅಪ್ಪನ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಚಪ್ಪಟೆ ಗಂಟೊಂದು ಸಿಕ್ಕಿತು. ಬಿಚ್ಚುವ ಮೊದಲೇ ಹುಳಿ ಗಂಜಿಯ ವಾಸನೆ ಬಂತು. ಮಗ್ಗಕ್ಕೇರಿಸುವ ಮುಂಚೆ ನೂಲಿಗೆ ಹಚ್ಚುವ ಗಂಜಿ ಅದು. ಒಳಗೊಂದು ಕರಿ ಗ್ರಾಮೋಫೋನ್ ಪ್ಲೇಟು. ಅದರ ಹೊದಿಕೆಯ ರಟ್ಟಿನ ಮೇಲೆ ಉದ್ದ ಕೂದಲಿನವನೊಬ್ಬ ಬಾಯಿ ತೆರೆದು ಚೀರುತ್ತಿದ್ದ. ಕೂಡಲೇ ಮೈಕಿನ ಕಾಕಾ ನೆನಪಾದ.

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಆಗ ಮನೆಗೊಂದು ಮಗ್ಗ. ಮುಂದಿನ ಖೋಲಿಯನ್ನು ಅಪ್ಪ ಅವನಿಗೆ ಬಾಡಿಗೆಗೆ ಕೊಟ್ಟಿದ್ದ. ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ರೋಣದಲ್ಲಾಗಲಿ ನರೇಗಲ್ಲಿನಲ್ಲಾಗಲಿ, ಮದುವೆಯೆಂದರೆ ಅವನ ಮೈಕ್ ಸೆಟ್ಟೇ ಬೇಕು. ನನಗೆ ಮೊದಲಿನಿಂದಲೂ ಅವನ ಮೇಲೆ ಸಂಶಯ. ನನ್ನ ಸ್ವಭಾವವೇ ಅಂಥದ್ದು, ಹಾಲು ತಂದವಳಿಗೆ ನೀರು ಎಷ್ಟು ಹಾಕಿದೆ ಎಂದೇ ಕೇಳುವವಳು. ಆದರೆ ಆ ವರ್ಷ ಇಡೀ ಓಣಿಗೇ ಸಂಶಯ ಹತ್ತಿತ್ತು.

ಕಾರಣ ಅಮಾವಾಸ್ಯೆ. ಅಂದು ನಮ್ಮಲ್ಲಿ ಯಾರೂ ಮಗ್ಗಕ್ಕೆ ಕೂಡುವುದಿಲ್ಲ. ಉಂಡು ಅಡ್ಡಾಗುವ ಹೊತ್ತಿಗೆ ಕಾಕಾನ ಖೋಲಿಯಿಂದ ಸಪ್ಪಳ ಶುರುವಾಗುತ್ತಿತ್ತು. ಕುತ್ತಿಗೆ ಹಿಚುಕಿದಂತೆ ಒಬ್ಬ ಚೀರುವುದು, ಹಿಂದೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಬಡಿತ. ಅರ್ಧ ನಿಮಿಷಕ್ಕೆ ನಿಂತು ಮತ್ತೆ ಅದೇ. ಹಾಡು ಎನ್ನಬೇಕೆಂದರೆ ತಲೆಯಿಲ್ಲ, ಬುಡವಿಲ್ಲ. ಬಾಗಿಲು ಒಳಗಿಂದ ಹಾಕಿರುತ್ತಿತ್ತು. ಉಳಿದ ದಿನ ಕಟ್ಟೆಗೆ ಕೂತು ಹರಟೆ ಹೊಡೆಯುವವನು ಅಂದು ಯಾರಿಗೂ ಮುಖ ತೋರಿಸುತ್ತಿರಲಿಲ್ಲ.

"ಅಮಾಸಿಗಷ್ಟ ಯಾಕ ಬೇಕು ಅದು? ಮಾಟ ಮಾಡಾಕತ್ತಾನ" ಎಂದಳು ಎದುರು ಮನೆಯ ಅತ್ತಿ. ಕಿಟಕಿಯಲ್ಲಿ ಇಣುಕಿ ಆ ರಟ್ಟಿನ ಚಿತ್ರ ನೋಡಿ ಬಂದಿದ್ದಳಂತೆ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ನಾನೂ ತಲೆಯಾಡಿಸಿದೆ.

ಓಣಿಯ ಹಿರಿಯರು ಅಪ್ಪನ ಹತ್ತಿರ ಬಂದರು. "ಈ ಅಮಾಸಿ ಕಳದ ಮರುದಿನ ಖೋಲಿ ಖಾಲಿ ಮಾಡಸ್ರಿ" ಎಂದರು. ಅಪ್ಪ ಹೂಂ ಅಂದ. ಹಾಗೆ ಹೊರಬಿದ್ದವನಿಗೆ ಊರಲ್ಲಿ ಮತ್ತೊಬ್ಬರು ಖೋಲಿ ಕೊಡುತ್ತಿರಲಿಲ್ಲ, ಮದುವೆಗೆ ಕರೆಯುವ ಮಾತಂತೂ ದೂರ. "ನಾ ಒಮ್ಮಿ ನೋಡಿ ಬರತೇನಿ" ಎಂದೆ. ಕನಿಕರವೇನಲ್ಲ, ಕಣ್ಣಾರೆ ನೋಡಿ ಹಿಡಿದುಕೊಡುವ ಆಸೆ.

ಆ ಅಮಾವಾಸ್ಯೆಯ ಮಧ್ಯಾಹ್ನ ಚಿಲಕ ನಮ್ಮ ಕಡೆಗಿದ್ದ ನಡುಮನೆಯ ಬಾಗಿಲಿನಿಂದ ಒಳಗೆ ಹೋದೆ. ನಿಂಬೆಹಣ್ಣಿರಲಿಲ್ಲ, ಕುಂಕುಮ ಇರಲಿಲ್ಲ. ಪ್ಲೇಟು ತಿರುಗುತ್ತಿತ್ತು. ಕಾಕಾ ನನಗೆ ಬೆನ್ನು ಮಾಡಿ ನೆಲಕ್ಕೆ ಕೂತು ಎರಡೂ ಅಂಗೈಯನ್ನು ಸ್ಪೀಕರಿನ ಪೆಟ್ಟಿಗೆಗೆ ಒತ್ತಿ ಹಿಡಿದಿದ್ದ. ಸಪ್ಪಳ ತಗ್ಗಿದಾಗ "ಕಾಕಾ" ಅಂದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ... ಊಹೂಂ. ಕೊನೆಗೆ ಪ್ಲೇಟಿನ ಮೇಲಿನ ಮುಳ್ಳನ್ನೇ ಎತ್ತಿಬಿಟ್ಟೆ.

"ಯಾಕ ತಗದಿ ತಂಗಿ?" ಎಂದು ತಿರುಗಿದ. ನಾನು ಕಿವಿ ಮುಟ್ಟಿ ತೋರಿಸಿದೆ. "ಕಿವಿ ಹೋಗಿ ಭಾಳ ದಿನ ಆತು. ಬ್ಯಾರೆ ಪ್ಲೇಟಿನ ಬಡಿತ ಕೈಗೆ ಹತ್ತಂಗಿಲ್ಲ. ಇದೊಂದ ಹತ್ತತೈತಿ, ದಿನಾ ಹಚ್ಚತೇನಿ" ಎಂದ. ಹುಬ್ಬಳ್ಳಿಯಿಂದ ತಂದ ಹಳೆ ಪ್ಲೇಟುಗಳ ಗಂಟಿನಲ್ಲಿ ಅದು ಬಂದಿತ್ತಂತೆ.

ದಿನಾಲೂ! ಮಗ್ಗಗಳ ಸಪ್ಪಳದಲ್ಲಿ ನಮಗೆ ಕೇಳಿರಲಿಲ್ಲ, ಅಷ್ಟೇ. ಮಗ್ಗದ ಮಂದಿ ನಾವು, ಒದರಿಯೇ ಮಾತಾಡುವವರು. ಹಾಗಾಗಿ ಅವನು ಹೇಗೋ ಅರ್ಧ ಕೇಳಿ, ಅರ್ಧ ತುಟಿ ನೋಡಿ ನಿಭಾಯಿಸಿದ್ದ. ಮಗ್ಗ ನಿಂತ ದಿನ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ಗುಟ್ಟು ಬಯಲಾಗುತ್ತದೆಂದು ಬಾಗಿಲು ಹಾಕಿಕೊಳ್ಳುತ್ತಿದ್ದ.

"ಮೈಕಿನವ ಕಿವುಡ ಅಂತ ಗೊತ್ತಾದ್ರ ಯಾರ ಕರೀತಾರವ್ವಾ ನನ್ನ? ಹೇಳಬ್ಯಾಡ" ಎಂದ. ಕಣ್ಣಲ್ಲಿ ನೀರಿತ್ತು. ನಾನು ಮುಳ್ಳನ್ನು ಮತ್ತೆ ಪ್ಲೇಟಿನ ಮೇಲಿಟ್ಟೆ.

ಹೊರಗೆ ಬಂದು ಹಿರಿಯರಿಗೆ, "ಸ್ಪೀಕರ್ ಒಡದಾವೇನಂತ ನೋಡೂ ಪ್ಲೇಟ್ರಿ ಅದು. ಅಮಾಸಿಗೆ ಮದುವಿ ಇರಂಗಿಲ್ಲ, ಅವತ್ತ ಹಚ್ಚಿ ನೋಡತಾನ" ಎಂದೆ. ನನ್ನಂಥ ಸಂಶಯದ ಗಂಟೇ ನಂಬಿದ ಮೇಲೆ ಅವರು ನಂಬದೆ ಏನು ಮಾಡಿಯಾರು? ಖೋಲಿ ಉಳಿಯಿತು. ಅವನು ಸಾಯುವವರೆಗೂ ಅಲ್ಲೇ ಇದ್ದ. ಸೆಟ್ಟನ್ನು ಸಂಬಂಧಿಕರು ಒಯ್ದರು, ಈ ಪ್ಲೇಟನ್ನು ಅವ್ವ ಸುತ್ತಿಟ್ಟಿರಬೇಕು...

ಖರೇ ಹೇಳಬೇಕೆಂದರೆ, ನನಗೆ ಆಮೇಲೂ ಒಂದು ಸಂಶಯ ಉಳಿದಿತ್ತು. ಅಂಗೈಗೆ ಹಾಡು ಕೇಳುತ್ತದೆಯೇ? ಕಣ್ಣೀರು ಹಾಕಿ ನನ್ನನ್ನೇ ಮರುಳು ಮಾಡಿದನೇ?

ಮೊನ್ನೆ ನರಗುಂದದ ತಂಗಿಯ ಮಗನಿಗೆ ಫೋನ್ ಮಾಡಿದೆ. ಪ್ಲೇಟು ಹಚ್ಚುವ ಮಷಿನ್ನು, ಸ್ಪೀಕರು ಎರಡನ್ನೂ ಹೊತ್ತುಕೊಂಡೇ ಬಂದ. ರಟ್ಟು ನೋಡಿ ಕಣ್ಣರಳಿಸಿ, "ದೊಡ್ಡವ್ವಾ, ಇದು ಗ್ರೈಂಡ್‌ಕೋರ್. ಚೀರಿ ಬಡಿಯೂ ಪರದೇಶದ ಹಾಡು. ಅದೂ ಲೈವ್, ಮಂದಿ ಮುಂದ ಹಾಡಿದ್ದು ಹಾಂಗ ಹಿಡದಾರ" ಎಂದ. ನಾನು ಕಿವಿಗೆ ಹತ್ತಿ ತುರುಕಿಕೊಂಡು ಅಂಗೈ ಇಟ್ಟೆ. ಬಡಿತ ಮೊಣಕೈವರೆಗೆ ಏರಿತು. ಕಾಕಾ ಸುಳ್ಳು ಹೇಳಿರಲಿಲ್ಲ.

ಹಾಡು ನಿಂತಿತು. ಕೈಗೆ ಏನೂ ಇಲ್ಲ. ಮುಗಿಯಿತೆಂದು ಹತ್ತಿ ತೆಗೆದರೆ, ಪ್ಲೇಟಿನೊಳಗೆ ಮಂದಿ ಇದ್ದರು. ಒಬ್ಬ ನಗುತ್ತಿದ್ದ, ಯಾರೋ ಸಿಳ್ಳೆ ಹಾಕಿದರು, ಮತ್ತೆ ಚಪ್ಪಾಳೆ. ಜನ್ಮವೆಲ್ಲ ಮಂದಿಯ ನಡುವೆ ಕಳೆದವನು ಬಾಗಿಲು ಹಾಕಿಕೊಂಡು ಒಬ್ಬನೇ ಕೂತಾಗಲೂ ಎದುರಿಗೆ ಇಷ್ಟು ಮಂದಿ ಇದ್ದರು. ಅವನ ಅಂಗೈಗೆ ಅದು ತಿಳಿದಿರಲಿಕ್ಕಿಲ್ಲ.

ಹೇಳಬೇಕೆನಿಸಿತು, ಅವನಿಗೆ ಕೇಳುವಷ್ಟು ಜೋರಾಗಿ. ಎದ್ದು ಹೋಗಿ ಮುಂದಿನ ಖೋಲಿಯ ಬಾಗಿಲು ತೆರೆದೆ. ಒಳಗೆ ಜೋಳದ ಚೀಲಗಳಷ್ಟೇ ಇದ್ದವು.