ಅಕ್ಕ ನೋಡಿದ ಹಾದಿ

ಮದುವೆ ಫೋಟೋ ತೆಗೆಯುವವನಿಗೆ ಕಾಡಿನ ಫೋಟೋ ಒಗ್ಗುವುದಿಲ್ಲ. ಲಿಂಗಸುಗೂರಿನಲ್ಲಿ ಸ್ಟುಡಿಯೋ ನಡೆಸಿ ತಲೆಗೂದಲು ಬೆಳ್ಳಗಾದ ಮೇಲೆ ಇದು ನನಗೆ ತಿಳಿಯಿತು. ‘ಗದ್ದ ಸ್ವಲ್ಪ ಮ್ಯಾಲೆತ್ರೀ’ ಎಂದರೆ ಮದುಮಗಳು ಎತ್ತುತ್ತಾಳೆ. ಗುಡ್ಡಕ್ಕೆ ಯಾರು ಹೇಳಬೇಕು?

ಆದರೂ ಈ ಬೇಸಿಗೆಯಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಗುರುಗುಂಟಾದ ಆಚೆಯ ಕುರುಚಲು ಕಾಡಿಗೆ ಹೋದೆ, ಅಕ್ಕನ ಸಲುವಾಗಿ. ಸಿಂಧನೂರಿನಲ್ಲಿ ಮಗನ ಮನೆಯಲ್ಲಿರುವ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಈಗ ಎದ್ದು ನಡೆಯದಿದ್ದರೆ ಮುಂದೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ಅಕ್ಕ ಮಾತ್ರ ಮಂಚ ಬಿಡಲೊಲ್ಲಳು. ‘ಮತ್ತ ಬಿದ್ರ ಯಾರು ಎತ್ತವರು? ನನ್ನ ಹಿಂಗ ಬಿಡ್ರಿ’ ಎಂದು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಈ ಅಕ್ಕ. ಬೇಸಿಗೆ ಬಂತೆಂದರೆ ಕವಳಿಹಣ್ಣಿಗೆಂದು ಅದೇ ಕಾಡಿನ ಕಾಲುಹಾದಿಯಲ್ಲಿ ಕರೆದೊಯ್ಯುತ್ತಿದ್ದಳು. ಕಾದ ಕಲ್ಲಿಗೆ ಕಾಲು ಸುಟ್ಟು ನಾನು ಅತ್ತರೆ, ಬಯ್ಯುತ್ತಲೇ ಎತ್ತಿ ಬಗಲಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಆ ಹಾದಿಯ ಫೋಟೋ ನೋಡಿಯಾದರೂ ಎದ್ದಾಳೇನೋ ಎಂಬ ಆಸೆ ನನಗೆ.

ಅಬ್ಬಬ್ಬಾ, ಏನು ಬಿಸಿಲು! ಮುಂಜಾನೆ ಹೋದರೂ ಬಂಡೆಗಳು ರೊಟ್ಟಿ ಹಂಚಿನಂತೆ ಕಾದಿದ್ದವು. ಜಾಲಿಮುಳ್ಳು ಅಂಗಿ ಜಗ್ಗಿತು. ಹಾದಿ ಮಾತ್ರ ಅಲ್ಲೇ ಇತ್ತು, ಕುರಿಗಳ ಕಾಲಿಗೆ ಸವೆದು ತೆಳ್ಳಗೆ. ದೊಡ್ಡ ಗುಂಡುಗಲ್ಲು, ಒಣಗಿದ ಹಳ್ಳ, ಹಳದಿ ಹೂ ಇಳಿಬಿಟ್ಟ ಕಕ್ಕೆಮರ, ಎಲ್ಲವನ್ನೂ ತೆಗೆದೆ. ಕೊನೆಗೆ ಕವಳಿ ಪೊದೆ. ಒಂದು ಕಪ್ಪು ಹಣ್ಣು ಬಾಯಿಗೆ ಹಾಕಿಕೊಂಡರೆ ಹುಳಿಗೆ ಕಣ್ಣಲ್ಲಿ ನೀರು ಬಂತು. ಬರೀ ಹುಳಿಗೇ ಎಂದರೆ ಸುಳ್ಳಾದೀತು.

ಸ್ಟುಡಿಯೋಕ್ಕೆ ಮರಳಿ ಫೋಟೋಗಳನ್ನು ಅಕ್ಕನ ಸೊಸೆಯ ಮೊಬೈಲಿಗೆ ಕಳಿಸಿದೆ. ಮಧ್ಯಾಹ್ನ ಅಕ್ಕನೇ ಫೋನ್ ಮಾಡಿದಳು. ‘ತಮ್ಮಾ, ಹಾದಿ ನೋಡಾಕತ್ತೀನಿ’ ಎಂದಳು. ಅಷ್ಟಕ್ಕೇ ಫೋನ್ ಕಟ್ಟಾಯಿತು. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ.

ನಮ್ಮ ಕಡೆ ಹಾದಿ ನೋಡುವುದೆಂದರೆ ಕಾಯುವುದು. ಅಕ್ಕ ಯಾವತ್ತೂ ಯಾರ ಹಾದಿಯನ್ನೂ ನೋಡಿದವಳಲ್ಲ. ಕೊನೆಗಾಲ ಬಂತೆಂದು ನನ್ನನ್ನು ಕರೆಯುತ್ತಿದ್ದಾಳೇನೋ ಎನ್ನಿಸಿತು. ಶಟರ್ ಎಳೆದು ಸಿಕ್ಕ ಬಸ್ ಹತ್ತಿದೆ. ಮಸ್ಕಿಯಲ್ಲಿ ಡ್ರೈವರು ಆರಾಮಾಗಿ ಚಹಾ ಕುಡಿಯುತ್ತ ನಿಂತಾಗ ಮನಸ್ಸಿನಲ್ಲೇ ಅವನ ಏಳು ತಲೆಮಾರನ್ನು ಬೈದೆ.

ಸಿಂಧನೂರು ಮುಟ್ಟಿ ಮನೆಗೆ ಓಡಿದವನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅಕ್ಕ ವಾಕರ್ ಹಿಡಿದು ನಡುಮನೆಯಲ್ಲಿ ನಿಂತಿದ್ದಳು!

‘ಈ ಮಂಚ ಗುಂಡುಗಲ್ಲು ಅನ್ಕೋ. ಇಲ್ಲಿಂದ ಎಡಕ್ಕ ಹೊಳ್ಳಿದ್ರ ಹಳ್ಳ’ ಎನ್ನುತ್ತ ನೀರಿನ ಕೊಡದ ಕಡೆ ಹೆಜ್ಜೆ ಇಟ್ಟಳು.

ಹಿಂದೆ ಕೈಚಾಚಿ ನಿಂತಿದ್ದ ಸೊಸೆ ನಗುತ್ತ, ‘ಫೋಟೋ ನೋಡಿ ನಾ ಹಳ್ಳ ಬಲಕ್ಕ ಐತಿ ಅಂದೆರೀ ಮಾವಾರ. ತೋರಸ್ತೀನಿ ತಡಿ ಅಂತ ಎದ್ದಽ ಬಿಟ್ರು’ ಎಂದಳು.

‘ಏನಬೇ ಅಕ್ಕಾ! ಹಾದಿ ನೋಡಾಕತ್ತೀನಿ ಅಂದಿ, ನನ್ನ ಜೀವ ಬಾಯಿಗೆ ಬಂದಿತ್ತು!’

‘ಏ ಹುಚ್ಚಪ್ಪಾ, ನಿನ್ನ ಹಾದಿ ಯಾರು ನೋಡ್ತಾರಲೇ? ಗುಡ್ಡದ ಹಾದಿ ನೋಡಾಕತ್ತೀನಿ ಅಂದೆ.’

ದೇವರಿಗಿಂತ ಮೊದಲು ಆ ಹಾದಿಗೆ ಕೈಮುಗಿಯಬೇಕೆನ್ನಿಸಿತು. ನಗಲು ಹೋದೆ, ಅಳು ಬಂತು. ಅಕ್ಕ ವಾಕರ್ ನಿಲ್ಲಿಸಿ ನನ್ನನ್ನೇ ನೋಡಿದಳು.

‘ಯಾಕಲೇ, ಕಾಲು ಸುಡಾಕತ್ತಾವೇನು? ಬಾ, ಎತ್ಗೊಳ್ತೀನಿ.’